ಆಮ್ಲಜನಕದ ಚೀಟಿ

ಸಾರಕ್ಕಿ, ಜೆ.ಪಿ. ನಗರ
12 ಜೂನ್ 2024

ಪ್ರೀತಿಯ ನರೇಂದ್ರಣ್ಣನಿಗೆ,

ನಿನ್ನ ಕೆಮ್ಮು ಹೇಗಿದೆ? ಬೊಮ್ಮನಹಳ್ಳಿಯ ಬಟ್ಟೆ ಕಾರ್ಖಾನೆಯಲ್ಲಿ ಬಣ್ಣ ಕಲಸುವಾಗ ಮಾಸ್ಕ್ ಹಾಕಿಕೊಳ್ಳುತ್ತೀಯೆಂದು ಭಾವಿಸಿದ್ದೇನೆ. ಇಲ್ಲಿ ನಾನು, ಅಪ್ಪ ಇಬ್ಬರೇ. ನೀನು ಫೋನ್ ಎತ್ತುವುದಿಲ್ಲ, ಅದಕ್ಕೇ ಕಾಗದ.

ಅಪ್ಪನ ವಿಜ್ಞಾನ ನಿಘಂಟು ನಡೆಯುತ್ತಿದೆ. ಈಗ ಆಮ್ಲಗಳ ಸರದಿ. ಪದ್ಧತಿ ನಿನಗೆ ಗೊತ್ತಲ್ಲ, ಅವರು ಬರೆದ ಚೀಟಿಯನ್ನು ನೀನು ನೋಡಿ ಕೆಳಗೆ ‘ನ’ ಎಂದು ಹಾಕದೆ ಅದು ಡಬ್ಬಿ ಸೇರುವಂತಿಲ್ಲ. ನೀನು ಎದ್ದುಹೋದ ದಿನದ ಆಮ್ಲಜನಕದ ಚೀಟಿ ಇನ್ನೂ ಮೇಜಿನ ಮೇಲೇ ಇದೆ. ಆಮ್ಲಗಳೆಲ್ಲ ಇದರಿಂದಲೇ ಹುಟ್ಟುತ್ತವೆ ಎಂದು ನಂಬಿ ಫ್ರೆಂಚ್ ವಿಜ್ಞಾನಿಯೊಬ್ಬ ಗ್ರೀಕ್ ಮಾತುಗಳಿಂದ ಆಕ್ಸಿಜನ್ ಎಂಬ ಹೆಸರು ಕಟ್ಟಿದ. ನಮ್ಮವರು ಅದನ್ನೇ ಕನ್ನಡಕ್ಕೆ ತಂದರು. “ತಪ್ಪನ್ನೇ ಅನುವಾದ ಮಾಡ್ಕೊಂಡಿದೀವಲ್ಲಪ್ಪ. ಆಕ್ಸಿಜನ್ ಅಂತಲೇ ಇರ್ಲಿ, ವೆಲ್ಡಿಂಗ್ ಅಂಗಡಿ ಗುಂಡಣ್ಣನೂ ಹಾಗೇ ಅಂತಾನೆ” ಎಂದೆ ನೀನು. “ಹಾಗಾದ್ರೆ ಗುಂಡಣ್ಣನ ಕೈಲೇ ನಿಘಂಟು ಬರೆಸ್ಕೊ, ಎದ್ದೋಗು” ಎಂದರು ಅಪ್ಪ. ನನಗೆ ಇಬ್ಬರೂ ಸರಿ ಎನಿಸಿತ್ತು.

ಆಮೇಲೆ ಅಪ್ಪ ಬರೆಯುವುದನ್ನೇ ಬಿಟ್ಟರು. ಮಾತೂ ಕಡಿಮೆಯಾಯಿತು. ಹತ್ತು ದಿನ ನೋಡಿ, ಒಂದು ಹಳೆಯ ಚೀಟಿಗೆ ನಾನೇ ‘ನ’ ಹಾಕಿ, “ಮಧ್ಯಾಹ್ನ ನೀವು ಮಲಗಿದ್ದಾಗ ಅಣ್ಣ ಬಂದು ನೋಡಿ ಹೋದ” ಎಂದು ಅಪ್ಪನಿಗೆ ಹೇಳಿದೆ. ಮರುದಿನ ಅವರು ಪೆನ್ನಿಗೆ ಇಂಕು ತುಂಬಿಸಿಕೊಂಡರು. ಏಳು ತಿಂಗಳಿಂದ ಹೀಗೇ. ನಿನ್ನ ‘ನ’ ಈಗ ನನಗೆ ನನ್ನ ಸಹಿಗಿಂತ ಸಲೀಸಾಗಿ ಬರುತ್ತದೆ.

ಸೋಮವಾರ ಎಡವಿದೆ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕವಿದೆ ಎಂದು ಅಪ್ಪ ಮರೆವಿನಲ್ಲಿ ಬರೆದಿದ್ದರು. ನಾನು ಸರಿಯಾಗಿ ಓದದೆ ‘ನ’ ಹಾಕಿಬಿಟ್ಟೆ. ಆ ಆಮ್ಲದಲ್ಲಿ ಅದರ ಸುಳಿವೂ ಇಲ್ಲವೆಂಬುದೇ ಅಂದು ನಿನ್ನ ವಾದವಾಗಿತ್ತು. ತಪ್ಪನ್ನು ಅಪ್ಪನೇ ಕಂಡುಕೊಂಡು, ಚೀಟಿ ಹಿಡಿದು ನನ್ನ ಬಳಿ ಬಂದರು. “ನರೇಂದ್ರ ಇದನ್ನ ಬಿಡೋನಲ್ಲ. ಹುಷಾರಾಗಿದಾನೇನೇ ಅವನು?” ಎಂದು ಕೇಳಿದರು. ಹುಷಾರಾಗಿದ್ದಾನೆ ಎಂದೆ. ನನಗೇನು ಗೊತ್ತು?

ಅತ್ತಿಗೆಯನ್ನು ಕೇಳಿದೆನೆಂದು ಹೇಳು. ನೀರು ಕಾಯಿಸಿ ಕುಡಿ.

ನಿನ್ನ ತಂಗಿ,
ಶಾಲಿನಿ

ತಾ.ಕ.: ನಿನ್ನೆಯಿಂದ ಅಪ್ಪ ಮಧ್ಯಾಹ್ನ ಮಲಗುತ್ತಿಲ್ಲ. ಕುರ್ಚಿಯನ್ನು ಬಾಗಿಲಿನ ಕಡೆಗೆ ತಿರುಗಿಸಿಕೊಂಡು ಕೂತಿರುತ್ತಾರೆ. “ಅವನು ಬರೋ ಹೊತ್ತಿಗೆ ನಾನು ಎದ್ದಿರ್ಬೇಕು ಕಣೇ” ಎನ್ನುತ್ತಾರೆ. ಭಾನುವಾರ ನಿನಗೆ ರಜೆ. ಮೂರು ಗಂಟೆಗೆ ಬಾ.