ಎರಡನೇ ಏಟು

ಪ್ರೀತಿಯ ಅಕ್ಕನಿಗೆ,

ಸತ್ತ ರಾಜರೇ, ಅತ್ತ ರಾಣಿಯರೇ, ನನ್ನ ಐತಿಹಾಸಿಕ ಪತ್ತೇದಾರಿ ಕಾದಂಬರಿಗಳಲ್ಲಿ ಕತ್ತು ಕೊಟ್ಟ ಸಮಸ್ತ ಸಭಿಕರೇ, ಲಾಲಿಸಿ! ಕರಡು ತಿದ್ದುವವಳೇ, ನೀನೂ ಕೇಳು.

ನಲವತ್ತೊಂದನೆಯ ಕಾದಂಬರಿಯ ಕರಡು ತಲುಪಿತು. ದೊರೆಯ ತಲೆಗೆ ಬಿದ್ದ ಎರಡನೇ ಏಟನ್ನು ಎಂದಿನಂತೆ ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, “ಒಂದೇ ಸಾಕಲ್ಲೋ ಕಟುಕ, ಸತ್ತವನನ್ನೇ ಎಷ್ಟು ಸಲ ಸಾಯಿಸ್ತೀಯ?” ಎಂದು ಬರೆದಿದ್ದೀಯ. ದಯವಿಟ್ಟು ಈ ಸಲ ಅದನ್ನು ಉಳಿಸು.

ಅಮ್ಮನ ಕತ್ತು ಹಿಸುಕುತ್ತಿದ್ದ ಅಪ್ಪನ ತಲೆಗೆ ನೀನು ಸುತ್ತಿಗೆಯಿಂದ ಹೊಡೆದು, ಡಾಕ್ಟರನ್ನು ಕರೆಯಲು ಓಡಿದೆ. ನೀನೇ ಕೊಂದೆಯೆಂದು ಮೂವತ್ತು ವರ್ಷದಿಂದ ಕೊರಗುತ್ತಿದ್ದೀಯ. ಬಾಯಲ್ಲಿ ಹೇಳಲಾಗದ್ದನ್ನು ನಾನು ನಲವತ್ತೊಂದು ಸಲ ಬರೆದೆ. ನೀನು ನಲವತ್ತೊಂದು ಸಲವೂ ಅಳಿಸಿದೆ.

ಅಪ್ಪ ಸತ್ತಿರಲಿಲ್ಲ. ಕಣ್ಣು ಬಿಟ್ಟು ನೀರು ಕೇಳಿದರು. ಮತ್ತೆ ಸುತ್ತಿಗೆ ಎತ್ತಿದವನು ನಾನು.

ಇಂತಿ,
ನಿನ್ನ ತಮ್ಮ