ಅವಕಾಶ ಇಲ್ಲವೆಂದು ಓದಿದ ಚೀಟಿ

ಭೋಜ
10 ಫೆಬ್ರುವರಿ 2026

ಮಗಳೇ ತೃಪ್ತಿ,

ಊಟ ಮಾಡಿದ ಮೇಲೆ ಇದನ್ನು ಓದು. ಹಸಿದಾಗ ನಿನಗೆ ಸಿಟ್ಟು ಬೇಗ ಬರುತ್ತದೆ, ನಿಮ್ಮಪ್ಪನ ಹಾಗೆ.

ನೀನು ಕೇಳಿದ ಪದವಿ ಪತ್ರವನ್ನು ಇದರ ಜೊತೆಯಲ್ಲೇ ಕಳಿಸುತ್ತೇನೆ. ನಾಳೆ ಬೆಳಿಗ್ಗೆ ನಿಪ್ಪಾಣಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿದರೆ ಸೋಮವಾರದ ಸಂದರ್ಶನದೊಳಗೆ ಪುಣೆ ಮುಟ್ಟುತ್ತದಂತೆ. ಅದಕ್ಕೆ ನಿಮ್ಮಪ್ಪ ಕಟ್ಟು ಹಾಕಿಸಿದ ಚೌಕಟ್ಟು ಗೋಡೆಯಿಂದ ಇಳಿಸಿ ಮುಂದೆ ಇಟ್ಟುಕೊಂಡಿದ್ದೇನೆ. ಬಿಚ್ಚಲು ಕೈ ಬರುತ್ತಿಲ್ಲ. ಅದಕ್ಕೇ ಮೊದಲು ಪತ್ರ ಬರೆಯುತ್ತಿದ್ದೇನೆ. ಅವರು ಹೋದಂದಿನಿಂದ ದಿನಾ ನಾಲ್ಕು ಸಾಲು ಬರೆಯುವ ವಹಿ ಇದೆಯಲ್ಲ, ಈ ಹಾಳೆ ಅದರದ್ದೇ.

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದು ಕಿವಿಯಿಂದ ಹೋಗುತ್ತಿಲ್ಲ. ಮೊದಲ ಸಂದರ್ಶನದಲ್ಲಿ ಒಬ್ಬರು ನಿನ್ನ ಅಂಕಪಟ್ಟಿ ತಿರುವಿ ನೋಡಿ, “ಹೇ ವಿದ್ಯಾಪೀಠ ಕುಠೇ ಆಲಂ?”, ಈ ವಿಶ್ವವಿದ್ಯಾಲಯ ಎಲ್ಲಿ ಬರುತ್ತದೆ ಅಂದರಂತೆ. ಬೆಳಗಾವಿ ಕಡೆ ಅಂದೆಯಂತೆ. ಪಕ್ಕದವರು, ಮನೆಯಲ್ಲೇ ಕೂತು ಪತ್ರದ ಮೂಲಕ ಮುಗಿಸಿದ್ದೋ ಹೇಗೆ ಅಂತ ಕೇಳಿದರಂತೆ. ಎರಡು ವರ್ಷ ಹಾಸ್ಟೆಲಿನಲ್ಲಿದ್ದು, ಪ್ರಯೋಗಾಲಯದಲ್ಲಿ ಕೈ ಸುಟ್ಟುಕೊಂಡವಳಿಗೆ ಆ ಮಾತು ಎಷ್ಟು ಹತ್ತಿತೋ ನನಗೆ ಗೊತ್ತಾಗುತ್ತದೆ. ಆಮೇಲೆ ನೀನು ಅಂದೆ: “ಅಪ್ಪ ಅವತ್ತ ನನ್ನ ಕೊಲ್ಲಾಪುರಕ್ಕ ಕಳಿಸಿದ್ದರ ಇವತ್ತ ನಾ ಹಿಂಗ ತಲಿ ತಗ್ಗಿಸಿ ಕುಂದರತಿದ್ದಿಲ್ಲ. ಇದೊಂದಕ್ಕ ಅಪ್ಪನ್ನ ಮಾಫ್ ಮಾಡಂಗಿಲ್ಲ ನೋಡವ್ವ.”

ನಾನು ಫೋನ್ ಇಟ್ಟೆ. ಎಮ್ಮೆ ಕೂಗುತ್ತಿದೆ ಅಂತ ಸುಳ್ಳು ಹೇಳಿದೆ.

ಮಹಾದೇವ ಕಾಕಾನ ಸೊಸೆ ರೂಪಾಲಿಯ ವಿಷಯ ನಿನಗೆ ಹೇಳಿದ್ದೆನೋ ಇಲ್ಲವೋ. ಸಾತಾರ ಕಡೆಯವಳು, ಅಲ್ಲಿಯೇ ಎಂ.ಎ. ಮುಗಿಸಿದವಳು. ಅಥಣಿಯ ಒಂದು ಕಾಲೇಜಿಗೆ ಕೆಲಸ ಕೇಳಲು ಹೋದರೆ, ನಿಮ್ಮ ಡಿಗ್ರಿ ನಮ್ಮ ಡಿಗ್ರಿಗೆ ಸಮ ಅಂತ ಕಾಗದ ತನ್ನಿ ಅಂದರಂತೆ. ನಗುತ್ತ ಬಂದು ಹೇಳಿದಳು, “ಕಾಕೂ, ಲಗ್ನಾದ ಮ್ಯಾಲ ನಂದಷ್ಟ ಅಲ್ಲ, ನನ್ನ ಡಿಗ್ರೀದೂ ಹೆಸರ ಬದಲಿ ಮಾಡಬೇಕಾಗೇತಿ.” ನಕ್ಕಳು, ಆದರೆ ಚಹಾ ಅರ್ಧಕ್ಕೇ ಬಿಟ್ಟಳು. ಇಲ್ಲಿಂದ ಕೊಲ್ಲಾಪುರಕ್ಕೆ ಬಸ್ಸಿನಲ್ಲಿ ತಾಸು ಎರಡು ತಾಸಿನ ದಾರಿ. ಅಲ್ಲಿಯ ಕಬ್ಬು, ಇಲ್ಲಿಯ ಕಬ್ಬು ಒಂದೇ ಕಾರ್ಖಾನೆಗೆ ಹೋಗುತ್ತದೆ. ಮಕ್ಕಳ ಓದು ಮಾತ್ರ ಗಡಿಯಲ್ಲಿ ನಿಂತುಬಿಡುತ್ತದೆ. ಯಾಕೆ ಅಂತ ಏಳನೇ ಇಯತ್ತೆ ಕಲಿತ ನನಗೆ ತಿಳಿಯದು.

ಆದರೆ ಒಂದು ಹೇಳುತ್ತೇನೆ. ಸೋಮವಾರ ಅವರು ಮತ್ತೆ ಕೇಳಿದರೆ ವಿಶ್ವವಿದ್ಯಾಲಯ ಎಲ್ಲಿದೆ ಅಂತ ಹೇಳಿ ನಿಲ್ಲಬೇಡ. ಅಲ್ಲಿ ಏನು ಮಾಡಿದೆ ಅದನ್ನು ಹೇಳು. ಕೃಷ್ಣೆಯ ನೀರಿನ ಪರೀಕ್ಷೆಯ ವಿಷಯ ಹೇಳು. ನಿನಗೆ ಜ್ವರ ಬಂದ ವಾರ ನಿಮ್ಮಪ್ಪ ಕೃಷ್ಣೆಯ ದಂಡೆಯ ಸತ್ತಿ ಊರಿಗೆ ಹೋಗಿ ಹನ್ನೆರಡು ಬಾಟಲಿ ನೀರು ತುಂಬಿ, ಐಸ್ ಡಬ್ಬಿಯಲ್ಲಿಟ್ಟು, ಮೋಟಾರ್ ಸೈಕಲ್ ಮೇಲೆ ತಂದರಲ್ಲ. ನಮ್ಮೂರ ಕಟ್ಟೆಯ ಮೇಲೆ ಕೂತಿದ್ದ ಭರಮು ಕೂಗಿದ: “ಏನೋ ಉತ್ತಮಣ್ಣಾ, ನಮ್ಮೂರಾಗ ಎರಡೆರಡು ಹೊಳಿ ಹರಿಯಾಕತ್ತಾವ, ಸತ್ತಿ ನೀರೇನ ಭಾಳ ರುಚಿ ಅದಾವೇನು?” ಇವರು ಗಾಡಿ ನಿಲ್ಲಿಸದೆ, “ನಮ್ಮ ತೃಪ್ತಿಗಿ ಕೃಷ್ಣಾನ ಬೇಕಂತಪಾ, ನೀ ನಿನ್ನ ತಂಬಾಕ ನೋಡಿಕೋ” ಅಂದರು. ಓದು ಬೇಡ ಅನ್ನುವ ಮನುಷ್ಯ ಹಾಗೆ ಮಾಡುತ್ತಾನೆಯೇ? ನೀನು ಒಮ್ಮೆಯೂ ಯೋಚಿಸಲಿಲ್ಲ. ಯೋಚಿಸದಿರಲಿ ಅಂತ ನಾನೂ ಸುಮ್ಮನಿದ್ದೆ.

ಇನ್ನು ಬರೆಯಲೇಬೇಕು.

ನಾಲ್ಕು ವರ್ಷದ ಹಿಂದೆ ನೀನು ಮುಗಳಖೋಡದಲ್ಲಿ ಅಜ್ಜಿಯ ಮನೆಯಲ್ಲಿದ್ದೆ. ಕೊಲ್ಲಾಪುರದ ಪ್ರವೇಶದ ಬಗ್ಗೆ ವಿಚಾರಿಸಲು ನಿಮ್ಮಪ್ಪ ಅಲ್ಲಿಯ ಗೆಳೆಯ ಶಿವಾಜಿಯವರಿಗೆ ಹೇಳಿದ್ದರು. ಆಗ ನಿಮ್ಮಪ್ಪನ ಫೋನ್ ರಿಪೇರಿಗೆ ಹೋಗಿತ್ತು. ಶಿವಾಜಿಯವರು ಊರಿಗೆ ಬರುತ್ತಿದ್ದ ಯಾರದೋ ಕೈಯಲ್ಲಿ ಮರಾಠಿಯಲ್ಲಿ ಒಂದು ಸಾಲಿನ ಚೀಟಿ ಕಳಿಸಿದರು: “ಪ್ರವೇಶಾಲಾ ಆತಾ ಜಾಸ್ತ ಅವಕಾಶ ನಾಹೀ.”

ನಿಮ್ಮಪ್ಪ ಮರಾಠಿ ಶಾಲೆ ಕಲಿತವರು, ನಾನು ಕನ್ನಡ ಶಾಲೆ. ಮರಾಠಿ ಮಾತು ನನಗೆ ಬರುತ್ತದೆ. ಆದರೆ ಮಾತಿನಲ್ಲಿ ನಾವೆಲ್ಲ ವೇಳೆ ಅನ್ನುತ್ತೇವೆ, ಚೀಟಿಯಲ್ಲಿದ್ದ ‘ಅವಕಾಶ’ ಮರಾಠಿ ಮಾತಿನಲ್ಲಿ ಎಂದೂ ಕಿವಿಗೆ ಬಿದ್ದಿರಲಿಲ್ಲ. ಅಕ್ಷರ ಕೂಡಿಸಿ ಓದಿದೆ. ಅವಕಾಶ ಇಲ್ಲ. ಹೊಲದಿಂದ ಬಂದ ನಿಮ್ಮಪ್ಪನಿಗೆ, “ಅಲ್ಲಿ ಅವಕಾಶ ಇಲ್ಲಂತ್ರಿ” ಅಂತ ಹೇಳಿದೆ. ಅವರು ಚೀಟಿ ಕೇಳಲಿಲ್ಲ. ನಾನು ಓದಿದರೆ ಮುಗಿಯಿತು ಅನ್ನುವ ನಂಬಿಕೆ.

ಹದಿನೈದು ದಿನದ ಮೇಲೆ ಶಿವಾಜಿಯವರೇ ಫೋನ್ ಮಾಡಿ, ಯಾಕೆ ಬರಲಿಲ್ಲ, ತಾರೀಖು ಮುಗಿಯಿತಲ್ಲ ಅಂದರು. ನಿಮ್ಮಪ್ಪ ಚೀಟಿ ತರಿಸಿ ಓದಿದರು. “ಸುಗಂಧಾ, ಮರಾಠಿಯೊಳಗ ಅವಕಾಶ ಅಂದ್ರ ವೇಳೆ. ಜಾಸ್ತಿ ವೇಳೆ ಉಳಿದಿಲ್ಲ, ಲಗೂನ ಬರ್ರಿ ಅಂತ ಅದರ ಅರ್ಥ” ಅಂದರು. ಬೈಯಲಿಲ್ಲ. ಚೀಟಿ ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡರು.

ಸಂಜೆ ನೀನು ಬಂದೆ. ನಿನಗೂ ಶಿವಾಜಿಯವರು ಫೋನ್ ಮಾಡಿದ್ದರು. ಹೆಗಲ ಮೇಲಿನ ಚೀಲ ಇಳಿಸದೆ, ಕೊಲ್ಲಾಪುರಕ್ಕೆ ಯಾಕೆ ಹೋಗಲಿಲ್ಲ ಅಂತ ಹೊಸ್ತಿಲಲ್ಲೇ ಕೇಳಿದೆ. ನನ್ನ ಕೈ ಹಿಟ್ಟಿನಲ್ಲಿತ್ತು. ನಾನು ಬಾಯಿ ತೆರೆಯುವ ಮೊದಲೇ ನಿಮ್ಮಪ್ಪ ಅಂದರು, “ನಾನ ಬ್ಯಾಡ ಅಂದೇನಿ. ನಮ್ಮ ಕಡಿ ಕಲಿತ್ರ ಏನ ಕಡಿಮಿ ಆಕ್ಕೇತಿ?”

ಆಮೇಲೆ ನಾನು ಅತ್ತಾಗ ಹೇಳಿದರು: “ತಾಯಿ ಮ್ಯಾಲ ಸಿಟ್ಟಾದ್ರ ಆಕಿ ಯಾರ ಕಡಿ ಹೋಗಬೇಕ? ನನ್ನ ಮ್ಯಾಲ ಇರ್ಲಿ ಬಿಡ. ನಾಕ ದಿನಾ ಅಷ್ಟ.”

ನಾಲ್ಕು ದಿನ ನಾಲ್ಕು ವರ್ಷವಾಯಿತು. ಹೇಳೋಣ, ನಾಳೆ ಹೇಳೋಣ ಅನ್ನುತ್ತಿದ್ದೆ. ಅಕ್ಟೋಬರಿನಲ್ಲಿ ಅವರು ಹೋದರು. ನನಗೆ ಅವಕಾಶ ಉಳಿಯಲಿಲ್ಲ, ಎರಡೂ ಭಾಷೆಯಲ್ಲಿ.

ಮಾಫ್ ಮಾಡದಿದ್ದರೆ ನನ್ನನ್ನು ಮಾಡಬೇಡ. ಅವರನ್ನು ಬಿಟ್ಟುಬಿಡು, ಮಗಾ.

ಸೋಮವಾರ ಬೆಳಿಗ್ಗೆ ಏನಾದರೂ ತಿಂದುಕೊಂಡೇ ಹೋಗು.

ನಿನ್ನ ತಪ್ಪಿತಸ್ಥ ಅವ್ವ,
ಸುಗಂಧಾ

ತಾ.ಕ.: ಈಗ ಚೌಕಟ್ಟು ಬಿಚ್ಚಿದೆ. ಪದವಿ ಪತ್ರದ ಹಿಂದೆ ರಟ್ಟಿಗೆ ಒತ್ತಿ ಆ ಚೀಟಿ ಇಟ್ಟಿದ್ದಾರೆ. ಹರಿದು ಹಾಕಿದ್ದಾರೆ ಅಂತ ತಿಳಿದಿದ್ದೆ. ಅದರ ಬೆನ್ನಿಗೆ ಪೆನ್ಸಿಲಿನಲ್ಲಿ, ಪದವಿ ಪತ್ರ ನೋಡಿ ನೋಡಿ, ಕನ್ನಡದಲ್ಲಿ ನಿನ್ನ ಹೆಸರು ಬರೆಯಲು ಕಲಿತಿದ್ದಾರೆ. ಹನ್ನೊಂದು ಸಲ. ಮರಾಠಿಯಲ್ಲಿ ಬರೆಯುವ ಹಾಗೆ ಕೊನೆಗೆ ದೀರ್ಘ ಎಳೆದು, ತೃಪ್ತೀ, ತೃಪ್ತೀ ಅಂತ. ದೂರದಿಂದ ಕೂಗಿದ ಹಾಗೆ ಕಾಣುತ್ತದೆ. ನಾನು ತಿದ್ದಿಲ್ಲ. ಇದರಲ್ಲಿಯೇ ಇಟ್ಟಿದ್ದೇನೆ, ನೋಡು.