ಸೀಲ್‌ಗೆ ಇಟ್ಟ ಹೆಸರು

ಬೆರ್ನರೆ ದ್ವೀಪ, ಅಕ್ಟೋಬರ್ ೧೪

ಪ್ರೀತಿಯ ಲಾಕ್ಲನ್,

ನೀನು ಕೊಟ್ಟ ಕ್ಯಾಮೆರಾದಲ್ಲಿ ಈ ವಾರ ತೆಗೆದ, ನಮ್ಮ ದಡಕ್ಕೆ ಬರುವ ಸೀಲ್ ಪ್ರಾಣಿಗಳ ಫೋಟೋ ಕಳಿಸಿದ್ದೇನೆ. ಕತ್ತಿನ ಮಚ್ಚೆ ನೋಡಿ ಒಂದೊಂದಕ್ಕೂ ಹೆಸರಿಡುವುದು ಸೀಲ್‌ಗಳ ಲೆಕ್ಕವಿಡುವ ನಿಮ್ಮ ಕಚೇರಿಯ ಪದ್ಧತಿ, ಸರಿ. ಆದರೆ ಆ ಮೀಸೆಯ ಮುದಿ ಗಂಡಿಗೆ ತಮಾಷೆಗೆಂದು ನಿನ್ನ ಮಾವ ಫಾರ್ಕರನ ಹೆಸರು ಇಡಬಾರದಿತ್ತು ಮಗಾ. ಬದುಕಿರುವವರ ಹೆಸರನ್ನು ನಮ್ಮಲ್ಲಿ ಯಾರೂ ಸೀಲ್‌ಗೆ ಇಡುವುದಿಲ್ಲ. ಅವನೇನೋ, "ನನಗಿಂತ ಅದೇ ಚೆಂದ ಕಣೇ" ಎಂದು ನಕ್ಕ.

ಫೋಟೋ ನೋಡು. ಉಳಿದವೆಲ್ಲ ಕಡಲಿಗೆ ಮುಖ ಮಾಡಿವೆ. ಅದೊಂದು ಮಾತ್ರ ನಮ್ಮ ಮನೆಯ ಬಾಗಿಲನ್ನೇ ನೋಡುತ್ತಿದೆ.

ಮಂಗಳವಾರ ಮಧ್ಯಾಹ್ನ ಬಾಗಿಲಲ್ಲಿ ನಿಂತು, "ಫಾರ್ಕರ್, ಚಹಾ ಆರ್ತಿದೆ, ಬಾರೋ ಮುದುಕಾ!" ಎಂದು ಕೂಗಿದೆ. ಅದು ನೀರಿನಿಂದೆದ್ದು ತೆವಳುತ್ತಾ ಅಂಗಳದ ಗೋಡೆಯವರೆಗೂ ಬಂತು. ನಿನ್ನ ಮಾವ ಸೊಂಟದ ಮಟ್ಟದ ನೀರಿನಲ್ಲಿ ಸುಮ್ಮನೆ ನಿಂತಿದ್ದ. ಓಡಿಹೋಗಿ ಕೈ ಹಿಡಿದು ಎಳೆದೆ.

"ನೀನು ಕರೆದದ್ದು ನನ್ನನ್ನಲ್ಲ ಅಂದ್ಕೊಂಡೆ" ಎಂದ.

ಇವತ್ತೇ ನಿನ್ನ ಪಟ್ಟಿಯಲ್ಲಿ ಆ ಹೆಸರನ್ನು ಹೊಡೆದುಹಾಕಿ ಬರೀ ನಂಬರು ಹಾಕು. ಅಲ್ಲಿಯವರೆಗೆ ನಿನ್ನ ಮಾವನನ್ನು "ಏ, ಇವನೇ" ಎಂದೇ ಕರೆಯುತ್ತೇನೆ. ಓಗೊಡುತ್ತಾನೆ, ಆದರೆ ತಡವಾಗಿ.

ಉತ್ತರ ಬರೆದರೆ ಲಕೋಟೆಯ ಮೇಲೆ ನನ್ನ ಹೆಸರು ಮಾತ್ರ ಇರಲಿ. ನಮ್ಮ ಅಂಚೆಯವನಿಗೆ ಗೇಟಿನಲ್ಲೇ ನಿಂತು ಹೆಸರು ಕೂಗುವ ಅಭ್ಯಾಸ.

ನಿನ್ನ ಅತ್ತೆ,
ಎಫೀ